ಮಾಸ್ತರನನ್ನು ಕಳಿಸಿದವರು ಯಾರು?

ಶಾಲೆಯಲ್ಲಿ ಕರ್ಮಣಿ ಪ್ರಯೋಗ ಕಲಿಸುವಾಗ ರಾಮ ರಾವಣರನ್ನು ಕರೆತರುವುದು ಹಳೆಯ ರೂಢಿ. ‘ರಾಮನು ರಾವಣನನ್ನು ಕೊಂದನು’ ಎಂಬುದು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದಾಗುತ್ತದೆ. ವಾಕ್ಯ ಸ್ವಲ್ಪ ಕುಂಟಿದರೂ ಕೊಂದವನ ಹೆಸರು ಅಲ್ಲೇ ಇರುತ್ತದೆ. ನಮ್ಮ ಕಾಲದ ಕಚೇರಿಗನ್ನಡ ಆ ಹೆಸರನ್ನೂ ತೆಗೆದುಹಾಕಿದೆ. ‘ಆದೇಶಿಸಲಾಗಿದೆ’, ‘ತೀರ್ಮಾನಿಸಲಾಗಿದೆ’, ‘ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ’. ಯಾರು ತೀರ್ಮಾನಿಸಿದರು ಎಂದು ಕೇಳುವುದಕ್ಕೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಫುಟ್‌ಬಾಲ್ ಕ್ಲಬ್ಬುಗಳು ತಮ್ಮ ಕೋಚನ್ನು ಕಳಿಸಿದ ದಿನ ಹೊರಡಿಸುವ ಪ್ರಕಟಣೆಗಳು ಇಂಗ್ಲಿಷಿನಲ್ಲಿದ್ದರೂ ಅವುಗಳ ವ್ಯಾಕರಣ ತಹಶೀಲ್ದಾರ್ ಕಚೇರಿಯದೇ. ಪರಸ್ಪರ ಒಪ್ಪಿಗೆಯಿಂದ ಬೇರ್ಪಡಲಾಗಿದೆ, ಸೇವೆಯನ್ನು ಸ್ಮರಿಸಲಾಗಿದೆ, ಮುಂದಿನ ಹಾದಿಗೆ ಶುಭ ಕೋರಲಾಗಿದೆ.

ಕೋಚನ್ನು ಬದಲಿಸಲೇಬಾರದು ಎಂಬ ಹಟ ನನಗಿಲ್ಲ. ಬದಲಿಸಿದವರು ತಮ್ಮ ಲೆಕ್ಕ ಒಪ್ಪಿಸದೆ ಪಾರಾಗಬಾರದು ಎಂಬುದಷ್ಟೇ ನನ್ನ ತಕರಾರು. ಉದಾಹರಣೆಗೆ ದೂರದ ಮ್ಯಾಂಚೆಸ್ಟರಿಗೆ ಹೋಗಬೇಕಾಗಿಲ್ಲ. ನಮ್ಮದೇ ರಾಜಧಾನಿಯ ಕ್ಲಬ್ಬಿನ ಕತೆ ಸಾಕು.

2021ರ ಜನವರಿ 6ರಂದು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ಕೋಚ್ ಕಾರ್ಲೆಸ್ ಕ್ವಾದ್ರಾತ್ ಅವರಿಂದ ಬೇರೆಯಾಯಿತು. ಬಾರ್ಸಿಲೋನಾದ ಈ ಮನುಷ್ಯ 2016ರಲ್ಲಿ ಆಲ್ಬರ್ಟ್ ರೋಕಾ ಅವರ ಸಹಾಯಕನಾಗಿ ಬಂದಿದ್ದರು. ಎರಡು ವರ್ಷ ಸಹಾಯಕ, ಮುಂದೆ ಎರಡೂವರೆ ವರ್ಷ ಮುಖ್ಯ ಕೋಚ್. ಕೋಚುಗಳ ಆಯುಷ್ಯ ತಿಂಗಳುಗಳಲ್ಲಿ ಎಣಿಕೆಯಾಗುವ ಭಾರತದ ಫುಟ್‌ಬಾಲಿನಲ್ಲಿ ಒಂದೇ ಕ್ಲಬ್ಬಿನಲ್ಲಿ ನಾಲ್ಕೂವರೆ ವರ್ಷವೆಂದರೆ ಅದು ದೀರ್ಘ ಸಂಸಾರವೇ ಸರಿ. ಮುಖ್ಯ ಕೋಚ್ ಆದ ಮೊದಲ ವರ್ಷವೇ ಅವರು ತಂಡಕ್ಕೆ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ತಂದುಕೊಟ್ಟರು. 2019ರ ಮಾರ್ಚ್ 17, ಮುಂಬೈನಲ್ಲಿ ಎಫ್‌ಸಿ ಗೋವಾ ಎದುರು ಫೈನಲ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ, 117ನೇ ನಿಮಿಷಕ್ಕೆ, ರಾಹುಲ್ ಭೆಕೆ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿತು. ಬೆಂಗಳೂರಿಗೆ ಈವರೆಗೆ ದಕ್ಕಿರುವ ಏಕೈಕ ಐಎಸ್‌ಎಲ್ ಪ್ರಶಸ್ತಿ ಅದು.

ಇಂಥವರನ್ನು ಕಳಿಸುವುದಕ್ಕೆ ಎಷ್ಟು ಸೋಲು ಬೇಕಾಯಿತು? ಮೂರು. 2020–21ರ ಆ ಋತುವಿನಲ್ಲಿ ತಂಡ ಮೊದಲ ಆರು ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಆಮೇಲೆ ಎಟಿಕೆ ಮೋಹನ್ ಬಾಗಾನ್ ಎದುರು 0–1, ಜೆಮ್ಷೆಡ್‌ಪುರ ಎದುರು 0–1, ಮುಂಬೈ ಸಿಟಿ ಎದುರು 1–3. ಮೂರನೆಯ ಸೋಲಿನ ಮರುದಿನವೇ ಕ್ವಾದ್ರಾತ್ ಹೊರಗೆ. ಅಲ್ಲಿಗೆ ಒಂಬತ್ತು ಪಂದ್ಯ: ಮೂರು ಗೆಲುವು, ಮೂರು ಡ್ರಾ, ಮೂರು ಸೋಲು, 12 ಅಂಕ. ಹೊಗಳುವಂಥ ಲೆಕ್ಕವಲ್ಲ, ಮನೆಗೆ ಬೆಂಕಿ ಬಿದ್ದ ಲೆಕ್ಕವೂ ಅಲ್ಲ. ಉಳಿದ ಹನ್ನೊಂದು ಪಂದ್ಯಗಳನ್ನು ಹಂಗಾಮಿ ಕೋಚ್ ನೌಶಾದ್ ಮೂಸಾ ನಡೆಸಿದರು. ಋತು ಮುಗಿದಾಗ ಬೆಂಗಳೂರಿನ ಖಾತೆಯಲ್ಲಿ 22 ಅಂಕಗಳಿದ್ದವು, ಸ್ಥಾನ ಏಳನೆಯದು. ಒಂಬತ್ತು ಪಂದ್ಯಕ್ಕೆ 12 ಅಂಕ ತಂದವರು ಹೋದ ಮೇಲೆ ಹನ್ನೊಂದು ಪಂದ್ಯಕ್ಕೆ ಬಂದದ್ದು 10 ಅಂಕ. ಮೂಸಾ ಅವರನ್ನು ದೂರಲು ಈ ಲೆಕ್ಕ ಕೊಡುತ್ತಿಲ್ಲ. ಕಾಯಿಲೆ ಕೋಚಿನ ಕುರ್ಚಿಯಲ್ಲಿ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಕಾಯಿಲೆ ಎಲ್ಲಿತ್ತು? ಉತ್ತರ ಹುಡುಕುವುದಕ್ಕೆ ಒಂದು ಸಣ್ಣ ದಾರಿ ಬಳಸಿ ಬರುತ್ತೇನೆ.

ಶಿಗ್ಗಾವಿ ತಾಲೂಕಿನ ನಮ್ಮ ತಡಸದ ಸುತ್ತ ಫುಟ್‌ಬಾಲ್ ಆಟವೆಂದರೆ ನೆನಪಾಗುವುದು ಮುಂಡಗೋಡದ ಟಿಬೆಟನ್ ಕ್ಯಾಂಪು. ಅಲ್ಲಿನ ಹುಡುಗರಿಗೆ ಆ ಆಟದ ಹುಚ್ಚು ಬಹಳ. ಉಳಿದಂತೆ ಇದು ಕುಸ್ತಿ, ಕಬಡ್ಡಿ ಮತ್ತು ನಾಟಕದ ಸೀಮೆ. ಆದರೆ ಕೋಚ್ ಎಂಬ ಪ್ರಾಣಿಯನ್ನು ನಾವು ಚೆನ್ನಾಗಿ ಬಲ್ಲೆವು. ಅವನ ಹೆಸರು ಪೇಟಿ ಮಾಸ್ತರ. ಜಾತ್ರೆಗೆ ಎರಡು ತಿಂಗಳಿರುವಾಗ ಹಾರ್ಮೋನಿಯಂ ಹೊತ್ತು ಊರಿಗೆ ಬರುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರನ್ನು ರಾತ್ರಿ ಕೂಡಿಸಿಕೊಂಡು ತಾಲೀಮು ಮಾಡಿಸುತ್ತಾನೆ. ಮಾತು ಬಾಯಿಪಾಠ ಮಾಡಿಸಬೇಕು, ಶ್ರುತಿ ಹಿಡಿಸಬೇಕು, ಗದೆ ಯಾವ ಕೈಯಲ್ಲಿ ಹಿಡಿಯಬೇಕೆಂದೂ ಹೇಳಿಕೊಡಬೇಕು. ಆದರೆ ಪಾತ್ರ ಹಂಚುವ ಹೊತ್ತಿಗೆ ಮಾಸ್ತರನ ಮಾತು ನಡೆಯುವುದು ಅಷ್ಟಕ್ಕಷ್ಟೇ. ಹೆಚ್ಚು ಪಟ್ಟಿ ಕೊಟ್ಟವನಿಗೆ ದುರ್ಯೋಧನನ ಪಾತ್ರ, ಕಮಿಟಿಯ ಹಿರಿಯರ ಅಳಿಯನಿಗೆ ಅರ್ಜುನನದು. ಜಾತ್ರೆಯ ರಾತ್ರಿ ದುರ್ಯೋಧನ ಮಾತು ಮರೆತು ನಿಂತರೆ ಬೈಗುಳ ಯಾರಿಗೆ? ‘ಈ ಮಾಸ್ತರ್ಗ ಏನೂ ಬರೂದಿಲ್ಲೋ, ಮುಂದಿನ ವರ್ಷ ಬ್ಯಾರೆಯವ್ರನ್ನ ಕರ್ಸೂಣು.’ ಪಾತ್ರ ಹಂಚಿದ ಕಮಿಟಿಯವರೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಈ ಮಾತಾಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಸುಮ್ಮನೆ ಗಾದೆ ಹುಟ್ಟಿಲ್ಲ.

ವೃತ್ತಿಪರ ಕ್ಲಬ್ಬುಗಳು ಈ ಜಾತ್ರಾ ಕಮಿಟಿಗಿಂತ ಬಹಳ ಬೇರೆ ಎಂದು ನಂಬಬೇಡಿ. ಇಂಗ್ಲೆಂಡಿನಲ್ಲಿ ತಂಡ ನಡೆಸುವವನನ್ನು ಬಹುಕಾಲದಿಂದ ‘ಮ್ಯಾನೇಜರ್’ ಎಂದು ಕರೆಯುತ್ತ ಬಂದಿದ್ದಾರೆ. ಅದಕ್ಕೆ ಕಾರಣವಿದೆ. ಹಳೆಯ ಪದ್ಧತಿಯಲ್ಲಿ ಆಟಗಾರರನ್ನು ಕೊಳ್ಳುವುದು, ಮಾರುವುದು, ಎಳೆಯರನ್ನು ಬೆಳೆಸುವುದು ಎಲ್ಲವೂ ಅವನ ಕೈಯಲ್ಲಿತ್ತು. ಅಧಿಕಾರ ಪೂರ್ತಿ ಇದ್ದದ್ದರಿಂದ ಹೊಣೆಯೂ ಪೂರ್ತಿ. ನಮ್ಮ ಐಎಸ್‌ಎಲ್‌ನಲ್ಲಿ ಆ ಕುರ್ಚಿಯ ಹೆಸರು ‘ಹೆಡ್ ಕೋಚ್’. ಹಣದ ಮಿತಿ, ಒಪ್ಪಂದಗಳು, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಚರ್ಚೆಯಲ್ಲಿ ಅವನದು ಹಲವು ದನಿಗಳಲ್ಲಿ ಒಂದು. ಅಧಿಕಾರ ಹರಿದು ಹಂಚಿಹೋಗಿದೆ, ಶಿಕ್ಷೆ ಮಾತ್ರ ಇಡಿಯಾಗಿ ಒಬ್ಬನ ಬೆನ್ನ ಮೇಲೆ ಬೀಳುತ್ತದೆ.

ಕ್ವಾದ್ರಾತ್ ಅವರ ತಂಡವನ್ನೇ ನೋಡಿ. ಪ್ರಶಸ್ತಿ ಗೆದ್ದ ವರ್ಷವೇ, 2019ರಲ್ಲಿ, ಗೋಲುಗಳ ಗಣಿಯಂತಿದ್ದ ವೆನೆಜುವೆಲಾದ ಮೀಕು ಹೊರಟರು. ಮಾರನೆಯ ವರ್ಷ ರಕ್ಷಣೆಯ ನಿಶು ಕುಮಾರ್ ಕೇರಳ ಬ್ಲಾಸ್ಟರ್ಸ್ ಸೇರಿದರು. ಸುನಿಲ್ ಛೆಟ್ರಿಗೆ ಆಗಲೇ 36 ವರ್ಷ. ಅದರ ಮೇಲೆ ಕೋವಿಡ್. ಇಡೀ ಋತು ಗೋವಾದಲ್ಲಿ, ಖಾಲಿ ಸ್ಟೇಡಿಯಮ್ಮುಗಳಲ್ಲಿ. ಕಂಠೀರವ ಕ್ರೀಡಾಂಗಣದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳ ಗದ್ದಲವೇ ಹನ್ನೆರಡನೇ ಆಟಗಾರನಂತಿದ್ದ ತಂಡಕ್ಕೆ ಹೋಟೆಲ್ ಕೋಣೆ, ಬಸ್ಸು, ಮೈದಾನ, ಮತ್ತೆ ಹೋಟೆಲ್ ಕೋಣೆ. ಹೊಸದಾಗಿ ತಂದ ವಿದೇಶಿ ಆಟಗಾರರಲ್ಲಿ ಹಲವರು ನಿರೀಕ್ಷೆ ಮುಟ್ಟಲಿಲ್ಲ. ಅದರಲ್ಲಿ ಕೋಚಿನ ಪಾಲೂ ಇದೆ. ಅವರ ತಂಡದ ಆಟ ಕಟ್ಟುನಿಟ್ಟಿನ ರಕ್ಷಣೆಯದು, ನೋಡುವವರಿಗೆ ಕಳೆಗುಂದಿದಂತೆ ಕಾಣುತ್ತಿತ್ತು, ಗೋಲುಗಳು ಕಾರ್ನರು–ಫ್ರೀಕಿಕ್ಕುಗಳಿಂದಲೇ ಬರಬೇಕಾಗಿತ್ತು ಎಂಬ ದೂರುಗಳಲ್ಲೂ ಹುರುಳಿದೆ. ಆದರೆ ಪಾಲು ಎಂದ ಮೇಲೆ ಪಾಲುದಾರರು ಇರಲೇಬೇಕಲ್ಲ? ಐದು ಜನ ಕೂಡಿ ಸಾಲ ಮಾಡಿ, ತೀರಿಸುವ ಹೊತ್ತಿಗೆ ಒಬ್ಬನ ಹೆಸರಷ್ಟೇ ಪಟ್ಟಿಯಲ್ಲಿ ಉಳಿದರೆ ಅದನ್ನು ಲೆಕ್ಕ ಎನ್ನುವುದಿಲ್ಲ.

ಕನ್ನಡ ಓದುವವರಿಗೆ ಇದು ಹೊಸ ಕತೆಯೂ ಅಲ್ಲ. ಪಂಪ ರನ್ನರಿಂದ ಕುಮಾರವ್ಯಾಸನವರೆಗೆ ನಾವು ಓದಿಕೊಂಡು ಬಂದ ಕುರುಕ್ಷೇತ್ರದ ಲೆಕ್ಕ ನೆನಪಿಸಿಕೊಳ್ಳಿ. ಕೌರವನ ಸೇನಾಪತಿಯಾಗಿ ಭೀಷ್ಮ ಹತ್ತು ದಿನ, ದ್ರೋಣ ಐದು ದಿನ, ಕರ್ಣ ಎರಡು ದಿನ, ಶಲ್ಯ ಅರ್ಧ ದಿನ. ಪ್ರತಿ ಸಲ ಹೊಸ ಪಟ್ಟಾಭಿಷೇಕ, ಹೊಸ ಉತ್ಸಾಹ, ಇನ್ನೇನು ಗೆದ್ದೆವೆಂಬ ಭರವಸೆ. ಪ್ರತಿ ಸಲ ಹಿಂದಿನವನಿಗಿಂತ ಕಡಿಮೆ ಆಯುಷ್ಯ. ಆ ಸೇನಾಪತಿಗಳು ರಣದಲ್ಲಿ ಬಿದ್ದರು, ಯಾರೂ ಅವರನ್ನು ಪತ್ರಿಕಾ ಪ್ರಕಟಣೆ ಕೊಟ್ಟು ಕಳಿಸಲಿಲ್ಲ ಎಂಬುದು ನಿಜ. ಆದರೆ ನಾಲ್ಕು ಪಟ್ಟಾಭಿಷೇಕಗಳ ನಡುವೆ ಬದಲಾಗದೆ ಉಳಿದದ್ದು ಏನೆಂದು ನೋಡಿ. ಯುದ್ಧಕ್ಕೆ ಕಾರಣವಾದ ಹಟ, ಆ ಹಟ ಹಿಡಿದವನು. ಅತ್ತ ಪಾಂಡವರ ಕಡೆ ಹದಿನೆಂಟು ದಿನವೂ ಧೃಷ್ಟದ್ಯುಮ್ನನೊಬ್ಬನೇ ಸೇನಾಪತಿ. ಅಭಿಮನ್ಯು ಸತ್ತ ಸಂಜೆಯೂ ಅವನನ್ನು ಬದಲಿಸುವ ಮಾತು ಬರಲಿಲ್ಲ.

ಬೆಂಗಳೂರಿನ ಪಟ್ಟಾಭಿಷೇಕಗಳನ್ನೂ ಎಣಿಸೋಣ. ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಅಂದಿನಿಂದ 2021ರ ಜನವರಿಯವರೆಗೆ ಮೂವರು ಕೋಚುಗಳು: ಆ್ಯಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್. ಈ ಏಳೂವರೆ ವರ್ಷಗಳಲ್ಲಿ ಎರಡು ಐ–ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್. ಒಟ್ಟು ಆರು ಪ್ರಶಸ್ತಿ. ಅಲ್ಲಿಂದ 2023ರ ಡಿಸೆಂಬರಿನವರೆಗಿನ ಮೂರು ವರ್ಷಗಳಲ್ಲಿ ಕುರ್ಚಿ ಏರಿದವರು ನಾಲ್ವರು: ಹಂಗಾಮಿ ಮೂಸಾ, ಜರ್ಮನಿಯ ಹಾಫೆನ್‌ಹೈಮ್ ತಂಡವನ್ನು ಹಿಂದೆ ನಡೆಸಿದ್ದ ಮಾರ್ಕೊ ಪೆಜೈಯುಲಿ, ಇಂಗ್ಲೆಂಡಿನ ಸೈಮನ್ ಗ್ರೇಸನ್, ಸ್ಪೇನಿನ ಜೆರಾರ್ಡ್ ಸರಗೋಸಾ. ಆ ಮೂರು ವರ್ಷಗಳಲ್ಲಿ ಬಂದದ್ದು ಒಂದೇ ಪ್ರಶಸ್ತಿ, 2022ರ ಡ್ಯುರಾಂಡ್ ಕಪ್. 2023ರ ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು. ಅಲ್ಲಿವರೆಗೆ ತಂಡವನ್ನು ಒಯ್ದ ಗ್ರೇಸನ್ ಅದೇ ವರ್ಷದ ಡಿಸೆಂಬರಿನಲ್ಲಿ ಮನೆಗೆ ಹೋದರು. ಉಳಿದ ಕ್ಲಬ್ಬುಗಳು ಬಲಿತದ್ದು, ಪೈಪೋಟಿ ಹೆಚ್ಚಿದ್ದು ಕೂಡ ಈ ಬರಗಾಲಕ್ಕೆ ಕಾರಣ. ಬದಲಾವಣೆಯೊಂದೇ ಕಾರಣವೆಂದು ನಾನು ಸಾಧಿಸಲಾರೆ. ಆದರೆ ಬದಲಾವಣೆಯೇ ಮದ್ದು ಎಂದವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ಎದುರು ವಾದವನ್ನೂ ಅದರ ಬಲವಾದ ರೂಪದಲ್ಲೇ ಎತ್ತಿಕೊಳ್ಳುತ್ತೇನೆ. ಅದೇ 2021ರ ಜನವರಿಯ ಕೊನೆಯಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ಬು ಫ್ರಾಂಕ್ ಲ್ಯಾಂಪಾರ್ಡರನ್ನು ತೆಗೆದು ಥಾಮಸ್ ಟುಕೆಲರನ್ನು ತಂದಿತು. ನಾಲ್ಕು ತಿಂಗಳಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಅಷ್ಟು ದೂರ ಬೇಡವೆಂದರೆ, ಕ್ವಾದ್ರಾತ್ ಹೋದ ಒಂದೇ ವಾರಕ್ಕೆ ಗುವಾಹಟಿಯ ನಾರ್ತ್ಈಸ್ಟ್ ಯುನೈಟೆಡ್ ತನ್ನ ಕೋಚನ್ನು ಕಳಿಸಿ ಖಾಲಿದ್ ಜಮೀಲ್ ಅವರಿಗೆ ಹಂಗಾಮಿ ಹೊಣೆ ಕೊಟ್ಟಿತು. ಆ ತಂಡ ಲೀಗಿನಲ್ಲಿ ಮತ್ತೆ ಸೋಲದೆ ಮೂರನೇ ಸ್ಥಾನ ಹಿಡಿದು ಸೆಮಿಫೈನಲ್ ತಲುಪಿತು. ಹಾಗಾದರೆ ನಡುವೆ ಕೋಚ್ ಬದಲಿಸುವುದು ಫಲ ಕೊಡುವುದಿಲ್ಲ ಎನ್ನಲಾದೀತೇ?

ಎನ್ನಲಾಗದು. ಕೆಲವು ಸಲ ಫಲ ಕೊಡುತ್ತದೆ. ಆದರೆ ಕೊಟ್ಟ ಸಲವೆಲ್ಲ ಬದಲಾವಣೆಯೇ ಕೊಟ್ಟದ್ದೇ ಎಂದು ನೋಡಬೇಕು. ಸಾಧಾರಣ ಜ್ವರ ಮೂರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ. ಮೂರನೇ ದಿನ ಬಂದ ಡಾಕ್ಟರಿಗೆ ಹೆಸರು ಬರುತ್ತದೆ, ಮೊದಲ ದಿನದವನಿಗೆ ಏನೂ ಬರುವುದಿಲ್ಲ ಎಂಬ ಮಾತು. ಕ್ಲಬ್ಬುಗಳು ಕೋಚನ್ನು ತೆಗೆಯುವುದು ಯಾವಾಗಲೂ ಸಾಲು ಸೋಲಿನ ತಳದಲ್ಲಿ. ತಳ ಮುಟ್ಟಿದ್ದು ಅಲ್ಲಿಂದ ಮೇಲೇಳುವ ಸಂಭವ ಹೇಗೂ ಹೆಚ್ಚು. ಗೋಲ್‌ಕಂಬಕ್ಕೆ ಬಡಿದು ವಾಪಸಾಗುತ್ತಿದ್ದ ಚೆಂಡು ಈಗ ಒಳಗೆ ಬೀಳುತ್ತದೆ, ಗಾಯಾಳು ವಾಪಸಾಗುತ್ತಾನೆ. ಹೊಸಬನ ಕೈಗುಣ ಎಂದು ನಾವು ಕುಣಿಯುತ್ತೇವೆ. ಒಬ್ಬ ಟುಕೆಲನ ಹೆಸರು ಹೇಳಿ ಎಲ್ಲ ವಜಾಗಳನ್ನೂ ಸಮರ್ಥಿಸಲಾಗದು, ಒಬ್ಬ ಫರ್ಗುಸನ್ನನ ಹೆಸರು ಹೇಳಿ ಎಲ್ಲ ಕೋಚುಗಳನ್ನೂ ಉಳಿಸಲಾಗದು. ಆ್ಯಲೆಕ್ಸ್ ಫರ್ಗುಸನ್ 1986ರಲ್ಲಿ ಬಂದು ಮೊದಲ ಪ್ರಶಸ್ತಿಗೆ 1990ರವರೆಗೆ ಕಾಯಿಸಿದ್ದು, 2013ರಲ್ಲಿ 13 ಲೀಗ್ ಪ್ರಶಸ್ತಿಗಳೊಂದಿಗೆ ನಿವೃತ್ತರಾದದ್ದು ನಿಜ. ಕಾದರೂ ಫಲ ಸಿಗದ ನೂರು ಕೋಚುಗಳ ಹೆಸರು ನಮಗೆ ನೆನಪಿಲ್ಲ ಎಂಬುದೂ ಅಷ್ಟೇ ನಿಜ.

ಹೀಗಾಗಿ ಬದಲಿಸಬೇಕೇ ಬೇಡವೇ ಎಂಬ ಜಗಳಕ್ಕಿಂತ ಹೇಗೆ ಬದಲಿಸುತ್ತೇವೆ ಎಂಬುದು ಮುಖ್ಯ. ಇದನ್ನು ಬೆಂಗಳೂರು ಎಫ್‌ಸಿಗೆ ಹೊರಗಿನವರು ಕಲಿಸಬೇಕಾಗಿಲ್ಲ, ಅದರ ಚರಿತ್ರೆಯಲ್ಲೇ ಪಾಠವಿದೆ. 2016ರಲ್ಲಿ ವೆಸ್ಟ್‌ವುಡ್ ಹೊರಟದ್ದು ಎರಡನೇ ಐ–ಲೀಗ್ ಗೆದ್ದು, ಋತು ಮುಗಿದ ಮೇಲೆ. ಅಷ್ಟರಲ್ಲಿ ಅವರು ತಂಡವನ್ನು ಎಎಫ್‌ಸಿ ಕಪ್ಪಿನ ಕ್ವಾರ್ಟರ್ ಫೈನಲಿಗೆ ತಂದು ನಿಲ್ಲಿಸಿದ್ದರು. ಜುಲೈನಲ್ಲಿ ಬಂದ ರೋಕಾ ಅಲ್ಲಿಂದ ಎತ್ತಿಕೊಂಡು ನಡೆದರು. ಅಕ್ಟೋಬರಿನಲ್ಲಿ ಕಂಠೀರವದಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಮಣಿಸಿ ಫೈನಲ್ ತಲುಪಿದರು. ಆ ಕಪ್ಪಿನ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ಬು ಬೆಂಗಳೂರು. ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕಾಪಾಡಿ ಬೆಳೆಸಿದ್ದು ಹೀಗೆ. 2018ರಲ್ಲಿ ರೋಕಾ ಹೊರಟಾಗ ಕ್ಲಬ್ಬು ಇನ್ನೂ ಒಳ್ಳೆಯ ಕೆಲಸ ಮಾಡಿತು. ಎರಡು ವರ್ಷ ಅದೇ ಆಟಗಾರರ ಜತೆ ಬೆವರು ಹರಿಸಿದ್ದ ಸಹಾಯಕನಿಗೇ ಪಟ್ಟ ಕಟ್ಟಿತು. ಫಲ ಅದೇ ವರ್ಷ ಕೈಗೆ ಬಂತು.

ಇಷ್ಟು ಚೆಂದದ ಪರಂಪರೆ ಕಟ್ಟಿದ ಕ್ಲಬ್ಬು 2021ರಲ್ಲಿ ಋತುವಿನ ನಡುವೆ, ಮೂರು ಸೋಲಿಗೆ, ಮುಂದಿನವರನ್ನು ಸಿದ್ಧಪಡಿಸಿಕೊಳ್ಳದೆ ಬಾಗಿಲು ತೆರೆಯಿತು. ನನ್ನ ಸಿಟ್ಟು ಇರುವುದು ಇಲ್ಲಿ. ತನಗೆ ಗೊತ್ತಿದ್ದ ಒಳ್ಳೆಯ ದಾರಿಯನ್ನೇ ಅದು ಕೈಬಿಟ್ಟಿತು. ತಮಾಷೆ ಏನೆಂದರೆ ಮುಂದೆ ಅದೇ ಕ್ಲಬ್ಬು ತಾಳ್ಮೆಯ ಫಲವನ್ನೂ ಉಂಡಿದೆ. 2023ರ ಡಿಸೆಂಬರಿನಲ್ಲಿ ಬಂದ ಸರಗೋಸಾ ಆ ಋತುವನ್ನು ಮುಗಿಸಿದ್ದು ಹತ್ತನೇ ಸ್ಥಾನದಲ್ಲಿ. ಹಳೆಯ ಅಳತೆಯಲ್ಲಿ ಅವರನ್ನು ಆಗಲೇ ಕಳಿಸಬೇಕಾಗಿತ್ತು. ಕಳಿಸಲಿಲ್ಲ. ಮಾರನೆಯ ಋತುವಿನಲ್ಲಿ ತಂಡ ಫೈನಲ್ ತಲುಪಿ, 2025ರ ಏಪ್ರಿಲಿನಲ್ಲಿ ಹೆಚ್ಚುವರಿ ಆಟದ ನಂತರವಷ್ಟೇ ಮೋಹನ್ ಬಾಗಾನಿಗೆ ಮಣಿಯಿತು.

ಈ ಕತೆಯಲ್ಲಿ ಇನ್ನೊಂದು ಪದವನ್ನು ನಾವು ತಿರುಗಿಸಿ ನೋಡಬೇಕು: ‘ಹಂಗಾಮಿ’. ಐಎಸ್‌ಎಲ್ ಶುರುವಾದದ್ದು 2014ರಲ್ಲಿ. ಒಬ್ಬ ಭಾರತೀಯನಿಗೆ ಪೂರ್ಣಾವಧಿಯ ಮುಖ್ಯ ಕೋಚ್ ಹುದ್ದೆ ಸಿಗಲು 2021ರವರೆಗೆ ಕಾಯಬೇಕಾಯಿತು. ಅವರು ಅದೇ ಖಾಲಿದ್ ಜಮೀಲ್. ಹಂಗಾಮಿಯಾಗಿ ಗೆದ್ದು ತೋರಿಸಿದ ಮೇಲೆ ಸಿಕ್ಕ ಹುದ್ದೆ. ಐಜೋಲ್‌ನಂಥ ಪುಟ್ಟ ಕ್ಲಬ್ಬಿಗೆ 2017ರಲ್ಲೇ ಐ–ಲೀಗ್ ಗೆಲ್ಲಿಸಿಕೊಟ್ಟಿದ್ದ ಮನುಷ್ಯನೂ ಹೀಗೆ ಪರೀಕ್ಷೆ ಬರೆಯಬೇಕಾಯಿತು. ನಮ್ಮವರಿಗೆ ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿಯುವ ಕೆಲಸ ಕೊಡುತ್ತೇವೆ. ಬೆಂಕಿ ಆರಿದ ಮೇಲೆ ಮನೆ ಕಟ್ಟಲು ಹೊರಗಿನ ಮೇಸ್ತ್ರಿ ಬರುತ್ತಾನೆ. ಬೆಂಗಳೂರಿನ ಮೀಸಲು ತಂಡವನ್ನು ಬೆಳೆಸುತ್ತಿದ್ದ ಮೂಸಾ ಅವರಿಗೂ ಆದದ್ದು ಇದೇ. ಬಿದ್ದ ತಂಡವನ್ನು ಋತುವಿನ ಕೊನೆಗೆ ಮುಟ್ಟಿಸಿದರು, ಹೊಸ ಋತುವಿಗೆ ಪೆಜೈಯುಲಿ ಬಂದರು.

ನಮ್ಮ ನೆಲದ ಕೋಚುಗಳಿಗೆ ಯೋಗ್ಯತೆ ಇಲ್ಲವೆನ್ನುವವರಿಗೆ ಚರಿತ್ರೆ ಏನು ಹೇಳುತ್ತದೆ? ಭಾರತದ ಫುಟ್‌ಬಾಲಿನ ಅತ್ಯುತ್ತಮ ಕಾಲವನ್ನು ಕಟ್ಟಿದವರು ಹೈದರಾಬಾದಿನ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ ಅವರ ಕಾಲದ್ದು. ಆ ಮೆಲ್ಬರ್ನ್ ತಂಡದಲ್ಲಿ ನಮ್ಮ ಕೆಂಪಯ್ಯನವರಿದ್ದರು. ಅದಕ್ಕೂ ಮುಂಚೆ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ರಾಮನ್. 1937ರಲ್ಲಿ ರೋವರ್ಸ್ ಕಪ್ ಗೆದ್ದ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಮರುವರ್ಷವೂ ಅದನ್ನು ಎತ್ತಿ ಹಿಡಿಯಿತು. ಹಳೆಯ ಮಾತೆಲ್ಲ ಬಿಡಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ತಂದ ತಂಡದ ಕೋಚ್ ರವಿ ಬಾಬು ರಾಜು. ಆ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ? 2025ರ ಆಗಸ್ಟಿನಲ್ಲಿ ಖಾಲಿದ್ ಜಮೀಲ್ ಭಾರತ ತಂಡದ ಕೋಚ್ ಆದಾಗ, 13 ವರ್ಷಗಳ ನಂತರ ಆ ಸ್ಥಾನ ಭಾರತೀಯನಿಗೆ ಸಿಕ್ಕಿತು ಎಂದು ಪತ್ರಿಕೆಗಳು ಹರ್ಷದಿಂದ ಬರೆದವು. 13 ವರ್ಷ ಯಾಕೆ ಬೇಕಾಯಿತು ಎಂದು ಕೇಳುವುದೂ ಪತ್ರಿಕೆಗಳ ಕೆಲಸವಾಗಿತ್ತು.

ರಾಷ್ಟ್ರೀಯ ತಂಡದ ವಿಷಯ ಬಂದದ್ದರಿಂದ ಕರ್ತೃಪದವಿಲ್ಲದ ವಾಕ್ಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಹೇಳಬೇಕು. ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ 2019ರಿಂದ ಭಾರತ ತಂಡದ ಕೋಚ್. 2023ರ ಅಕ್ಟೋಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿತು. 2024ರ ಜೂನಿನಲ್ಲಿ, ವಿಶ್ವಕಪ್ ಅರ್ಹತಾ ಸುತ್ತಿನ ಸೋಲಿನ ನಂತರ, ಅದೇ ಫೆಡರೇಷನ್ ಅವರನ್ನು ತೆಗೆಯಿತು. ವ್ಯಾಜ್ಯವಾಗಿ ಕೊನೆಗೆ 4 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಮೂರು ಕೋಟಿ ರೂಪಾಯಿಗೂ ಮೀರಿದ ಹಣ. ಎಷ್ಟು ಜಿಲ್ಲೆಗಳಲ್ಲಿ ಮಕ್ಕಳಿಗೆ ಚೆಂಡು, ಮೈದಾನ, ಕೋಚ್ ಒದಗಿಸಬಹುದಾಗಿದ್ದ ಹಣ. ಕೋಚ್ ಸೋತ, ಹೋದ. ಎಂಟು ತಿಂಗಳ ಹಿಂದಷ್ಟೇ ಅವನನ್ನೇ ಮುಂದುವರಿಸಬೇಕೆಂದು ಸಹಿ ಹಾಕಿದ ಕೈಗಳ ಮಾತೇನು?

ಕ್ವಾದ್ರಾತ್ ಮುಂದೇನಾದರು? 2023ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. 2024ರ ಜನವರಿಯಲ್ಲಿ ಆ ಕ್ಲಬ್ಬಿಗೆ ಸೂಪರ್ ಕಪ್ ಗೆದ್ದುಕೊಟ್ಟರು, 12 ವರ್ಷಗಳ ನಂತರ ಅದಕ್ಕೆ ದಕ್ಕಿದ ರಾಷ್ಟ್ರಮಟ್ಟದ ಪ್ರಶಸ್ತಿ. ಅದೇ ಸೆಪ್ಟೆಂಬರಿನಲ್ಲಿ ಹೊಸ ಋತು ಕಂಠೀರವದಲ್ಲೇ ಶುರುವಾಯಿತು, ತನ್ನ ಹಳೆಯ ಕ್ಲಬ್ಬಿನ ಎದುರು. ಎಳೆಯ ಹುಡುಗ ವಿನೀತ್ ವೆಂಕಟೇಶ್ ಹೊಡೆದ ಗೋಲಿಗೆ ಬೆಂಗಳೂರು 1–0ಯಿಂದ ಗೆದ್ದಿತು. ಈಸ್ಟ್ ಬೆಂಗಾಲ್ ಮುಂದಿನ ಎರಡೂ ಸೋತಿತು. ಮತ್ತೆ ಮೂರು ಸೋಲು, ಮತ್ತೆ ನಿರ್ಗಮನ. ಈ ಸಲ ರಾಜೀನಾಮೆ. 12 ವರ್ಷದ ಬರ ನೀಗಿಸಿದ್ದಕ್ಕೆ ಸಿಕ್ಕ ಕಾಲಾವಕಾಶ ಎಂಟು ತಿಂಗಳು.

ಇದರಲ್ಲಿ ಅಭಿಮಾನಿಗಳ ಪಾಲನ್ನು ಬಿಟ್ಟು ಮಾತಾಡಿದರೆ ನನ್ನ ವಾಕ್ಯದಲ್ಲೂ ಕರ್ತೃಪದ ಕಾಣೆಯಾಗುತ್ತದೆ. ಎರಡು ಸೋಲಿಗೆ ಕೋಚಿನ ಹೆಸರಿನ ಮುಂದೆ ‘ಔಟ್’ ಎಂದು ಬರೆದು ಹ್ಯಾಶ್‌ಟ್ಯಾಗ್ ಹರಿಬಿಡುವವರು ನಾವು. ಮಾಲೀಕರಿಗೆ ಅದಕ್ಕಿಂತ ಅಗ್ಗದ ಸಮಾಧಾನ ಬೇರೆ ಇಲ್ಲ. ಹನ್ನೊಂದು ಆಟಗಾರರನ್ನು ಬದಲಿಸಲು ಕೋಟಿಗಟ್ಟಲೆ ಬೇಕು, ಎಳೆಯರನ್ನು ಬೆಳೆಸಲು ವರ್ಷಗಟ್ಟಲೆ ಬೇಕು. ಒಬ್ಬ ಕೋಚನ್ನು ಕಳಿಸಲು ಒಂದು ಸಂಜೆ ಸಾಕು. ನಮ್ಮ ಗದ್ದಲಕ್ಕೆ ಒಂದು ತಲೆ ಸಿಗುತ್ತದೆ, ನಾವು ತೃಪ್ತರಾಗುತ್ತೇವೆ, ಪ್ರಶ್ನೆ ಅಲ್ಲಿಗೇ ಸಾಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ಹೆಡ್ಮಾಸ್ತರಿಗೆ ನೋಟಿಸು ಹೋಗುವುದು, ಗಣಿತದ ಮೇಷ್ಟ್ರ ಹುದ್ದೆ ವರ್ಷಗಟ್ಟಲೆ ಖಾಲಿ ಬಿಟ್ಟವರಿಗೆ ಏನೂ ಹೋಗದಿರುವುದು ಇದೇ ಕಾರಣಕ್ಕೆ. ಸರ್ಕಾರ ಬದಲಾದಾಗಲೆಲ್ಲ ಸಾಹಿತ್ಯ, ನಾಟಕ ಅಕಾಡೆಮಿಗಳ ಅಧ್ಯಕ್ಷರು ಅವಧಿಗೆ ಮುನ್ನವೇ ಮನೆಗೆ ಹೋಗುವುದನ್ನು ನೋಡುತ್ತ ಬಂದ ಸಾಹಿತ್ಯದ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾಗಿ ನಾವು ಕೇಳಬೇಕಾದದ್ದನ್ನು ನೇರವಾಗಿ ಕೇಳೋಣ. ಮೊದಲನೆಯದು, ಕೋಚನ್ನು ಕಳಿಸುವ ಕ್ಲಬ್ಬು ಕಾರಣವನ್ನು ಹೆಸರು ಸಮೇತ ಹೇಳಲಿ. ಆಟಗಾರರನ್ನು ಆರಿಸಿದವರು ಯಾರು, ಬಿಟ್ಟವರು ಯಾರು, ಅವರ ಲೆಕ್ಕವೇನು ಎಂಬುದು ಅದೇ ಪ್ರಕಟಣೆಯಲ್ಲಿರಲಿ. ಎರಡನೆಯದು, ಬೆಂಕಿ ಬಿದ್ದ ಹೊರತು ಬದಲಾವಣೆ ಋತು ಮುಗಿದ ಮೇಲೆ ಆಗಲಿ, ಮುಂದಿನವರು ಒಳಗೇ ತಯಾರಾಗುತ್ತಿರಲಿ. 2018ರಲ್ಲಿ ಸಾಧ್ಯವಾದದ್ದು ಮತ್ತೆ ಯಾಕಾಗದು? ಮೂರನೆಯದು, ಹಂಗಾಮಿಯಾಗಿ ಹೊಣೆ ಹೊತ್ತ ಭಾರತೀಯ ಕೋಚಿಗೆ ಒಂದು ಪೂರ್ತಿ ಋತು ಕೊಡಿ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಎಳೆಯ ಆಟಗಾರರಿಗೆ ವಸತಿ ಅಕಾಡೆಮಿ ನಡೆಸುವ ಮಾಲೀಕರಿಗೆ, ಎಳೆಯ ಕೋಚುಗಳನ್ನೂ ಹಾಗೆಯೇ ಬೆಳೆಸಬೇಕೆಂಬುದು ಹೊಳೆಯದ ಮಾತೇನಲ್ಲ.

ಇಷ್ಟಾದ ಮೇಲೂ ಕೋಚನ್ನು ಕಳಿಸಲೇಬೇಕಾದ ದಿನ ಬರಬಹುದು. ಬರಲಿ. ಆ ದಿನ ಪ್ರಕಟಣೆ ಹೀಗಿರಲಿ: ‘ಇಂಥವರಾದ ನಾವು ಈ ತಂಡವನ್ನು ಕಟ್ಟಿದೆವು, ನಾವೇ ಈ ಕೋಚನ್ನು ಕರೆತಂದೆವು, ಇಂಥ ಕಾರಣಕ್ಕೆ ನಾವೇ ಕಳಿಸುತ್ತಿದ್ದೇವೆ. ನಮ್ಮ ತಪ್ಪುಗಳು ಇವು.’ ಕರ್ತರಿ ಪ್ರಯೋಗದಲ್ಲಿ ಬರೆದ ಅಂಥ ಒಂದು ವಾಕ್ಯ ಬರುವವರೆಗೆ, ‘ಹೊಸ ದಿಕ್ಕು’ ಎಂದು ಯಾರಾದರೂ ಹೇಳಿದಾಗಲೆಲ್ಲ ನಾವು ಹಳೆಯ ಪ್ರಶ್ನೆಯನ್ನೇ ಕೇಳುತ್ತಿರಬೇಕು: ಪಾತ್ರ ಹಂಚಿದವರು ಯಾರು?